ತಿರುವಿನ ದೋಷ

ನನ್ನ ತಮ್ಮ ರಾಹುಲನನ್ನು ಕೊಂದದ್ದು ಒಂದು ತಿರುವು ಎಂದು ತಿಕೋಟಾದ ಹಿರಿಯರು ತೀರ್ಮಾನಿಸಿದ್ದರು. ಊರು ಬಿಟ್ಟು ನಾಲ್ಕು ಕಿಲೋಮೀಟರು ಹೋದ ಮೇಲೆ ಬಬಲೇಶ್ವರದ ರಸ್ತೆ ಎಡಕ್ಕೆ ಬಾಗುತ್ತದೆ. ನಾನು ಅಳೆದು ನೋಡಿದ್ದೇನೆ. ಚಕ್ಕಡಿಯಲ್ಲಿ ನಿದ್ದೆ ಹೋದವನಿಗೂ ಎಚ್ಚರವಾಗದಷ್ಟು ಮೆದುವಾದ ಬಾಗು ಅದು. ಕಳೆದ ವರ್ಷ ಮಧ್ಯಾಹ್ನ ಮೂರು ಗಂಟೆಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಒಣದ್ರಾಕ್ಷಿ ವ್ಯಾಪಾರಿ ಖಂಡಪ್ಪನ ಹೊಸ ಜೀಪು ಅಲ್ಲಿ ಬಾಗದೆ ನೇರ ಹೋಯಿತು. ಎದುರಿಗೆ ಜೈನಾಪುರದಿಂದ ಬೈಕಿನಲ್ಲಿ ಬರುತ್ತಿದ್ದ ರಾಹುಲನ ಮೇಲೆ ಹತ್ತಿತು.

ಅಂದು ಜೀಪು ತಂದದ್ದಕ್ಕೆ ಗೆಳೆಯರು ಪಾರ್ಟಿ ಕೇಳಿದ್ದರು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ದೃಷ್ಟಿ ತೆಗೆದ ಮೇಲೆ ಎಲ್ಲರೂ ಧಾಬಾಕ್ಕೆ ಹೋಗಿದ್ದರು.

ಅಪಘಾತವಾದೊಡನೆ ಖಂಡಪ್ಪನಿಗೆ ಎದೆನೋವು ಬಂತು. ದೂರದ ಆಸ್ಪತ್ರೆಯೊಂದಕ್ಕೆ ಹೋದ. ರಕ್ತ ತೆಗೆದದ್ದು ಮರುದಿನ ಸಂಜೆ. ನಾನು ವಿಜಯಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು; ಯಕೃತ್ತಿಗೆ ಇಪ್ಪತ್ತಾರು ಗಂಟೆ ಕೊಟ್ಟರೆ ಅದು ಯಾವ ಸಾಕ್ಷಿಯನ್ನೂ ಉಳಿಸುವುದಿಲ್ಲ ಎಂದು ಬಲ್ಲೆ. ವರದಿಯಲ್ಲಿ ಸೊನ್ನೆ ಬಂತು. ಮನುಷ್ಯನ ತಪ್ಪಿಲ್ಲವೆಂದ ಮೇಲೆ ಜಾಗದ್ದೇ ಆಗಬೇಕಲ್ಲ? ಅಲ್ಲಿ ‘ಏನೋ’ ಇದೆ ಎಂದರು. ಆ ಏನನ್ನೋ ಶಾಂತ ಮಾಡಲು ಖಂಡಪ್ಪನೇ ಮುಂದೆ ನಿಂತು ತಿರುವಿನಲ್ಲಿ ಕಟ್ಟೆ ಕಟ್ಟಿಸಿ ಕಲ್ಲು ನಿಲ್ಲಿಸಿದ. ಊರು ಅವನ ದೊಡ್ಡ ಮನಸ್ಸನ್ನು ಕೊಂಡಾಡಿತು.

ನಕ್ಕು ಸುಮ್ಮನಾಗಬಹುದಿತ್ತು, ಅವ್ವ ನಂಬದೇ ಇದ್ದಿದ್ದರೆ. ನನ್ನ ಅವ್ವ ಅಕ್ಕನಾಗಮ್ಮ ಪ್ರತಿ ಅಮಾವಾಸ್ಯೆಗೆ ವಿಜಯಪುರದ ಅಥಣಿ ರಸ್ತೆಯ ನಮ್ಮ ಮನೆಯಿಂದ ಬಸ್ಸು ಹತ್ತಿ ಹೋಗಿ ಆ ಕಲ್ಲಿಗೆ ದೀಪ ಹಚ್ಚಿ ಬರುತ್ತಿದ್ದಳು.

“ಖಂಡಪ್ಪಂದೇನ ತಪ್ಪೈತಿ ಬೇ? ಆ ಜಾಗಾನ ಹಂಗೈತಿ,” ಎನ್ನುತ್ತಿದ್ದಳು.

ಮಗನನ್ನು ಕೊಂದವನ ಸುಳ್ಳಿಗೆ ಅವ್ವ ದೀಪ ಹಚ್ಚುತ್ತಿದ್ದಳು. ಅದೊಂದನ್ನು ನಿಲ್ಲಿಸಬೇಕಿತ್ತು. ನಾನು ಎಷ್ಟು ಹೇಳಿದರೂ, “ನೀ ಕಂಡಿಯೇನ?” ಎಂದು ಕೇಳುತ್ತಿದ್ದಳು. ನಾನು ಕಂಡಿರಲಿಲ್ಲ.

ವರ್ಷ ತುಂಬಿದ ದಿನ ತಿರುವಿನಲ್ಲಿ ಕಟ್ಟೆಯ ಪೂಜೆಯ ಜೊತೆಗೇ ರಸ್ತೆ ಸುರಕ್ಷತೆಯ ಬ್ಯಾನರೂ ಏರಿತು. ಒಂದೇ ಶಾಮಿಯಾನಾದಲ್ಲಿ ಎರಡು ಪುಣ್ಯ. ಊರ ಹಿರಿಯ ಯಲಗೂರಪ್ಪ ಫೋನು ಮಾಡಿದ.

“ರಾಜೇಶ್ವರಿ ಮೇಡಮ್ಮಾರ, ನೀವೂ ಎರಡ ಮಾತ ಹೇಳ್ರಿ. ಹೆಲ್ಮೆಟ್ ಬಗ್ಗೆ ಹೇಳ್ರಿ. ಕುಡ್ಯೂದು ಗಿಡ್ಯೂದು ಬ್ಯಾಡ್ರಿ, ಪೂಜಾ ಐತಿ.”

ರಾಹುಲ ಹೆಲ್ಮೆಟ್ ಹಾಕಿದ್ದ.

ನಾನು ಭಾಷಣ ಬರೆದುಕೊಂಡು ಹೋಗಲಿಲ್ಲ. ಮೂರು ಗಾಜಿನ ನಳಿಗೆಗಳಲ್ಲಿ ಕಿತ್ತಳೆ ಬಣ್ಣದ ದ್ರಾವಣ ಒಯ್ದೆ. ಮೈಕಿನ ಮುಂದೆ ನಿಂತು, ಕುಡಿದವರ ಉಸಿರು ಹಾಯಿಸಿದರೆ ಇದು ಹಸಿರಾಗುತ್ತದೆ ಎಂದೆ. ಶಾಮಿಯಾನಾಕ್ಕೆ ಕಟ್ಟಿದ್ದ ಬಲೂನೊಂದನ್ನು ಬಿಚ್ಚಿ, ಗಾಳಿ ತೆಗೆದು, ನಾನೇ ಊದಿ, ಆ ಗಾಳಿಯನ್ನು ಮೊದಲ ನಳಿಗೆಯೊಳಗೆ ಬಿಟ್ಟೆ. ಕಿತ್ತಳೆ ಕಿತ್ತಳೆಯಾಗಿಯೇ ಉಳಿಯಿತು.

“ಈಗ ಗಾಡಿ ಚಾವಿ ಯಾರ ಕೈಯಾಗೈತಿ, ಅವರು ಬರ್ರಿ.”

ಚಾವಿ ಇದ್ದವರಿಗೆಲ್ಲ ಒಮ್ಮೆಲೇ ಫೋನು ಬಂದವು. ಖಂಡಪ್ಪ ಮಾತ್ರ ನಗುತ್ತ ಎದ್ದ. ಮುಖ ಮಿರುಗುತ್ತಿತ್ತು. ಅವನ ಧೈರ್ಯಕ್ಕೆ ಕಾರಣವಿತ್ತು. ಒಂದು ಮುಷ್ಟಿ ಹಸಿರು ಮನುಕ, ಮೇಲೊಂದು ತಂಬಿಗೆ ಮಜ್ಜಿಗೆ, ಇಷ್ಟಾದರೆ ಎಂಥ ನಶೆಯೂ ಇಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಮನುಕ, ಅಂದರೆ ಒಣದ್ರಾಕ್ಷಿ, ಮಾರುವವನೇ ಹೇಳಿದ ಮೇಲೆ ಅರ್ಧ ತಿಕೋಟಾ ಅದನ್ನು ಪಾಲಿಸುತ್ತಿತ್ತು.

“ಕೊಡ್ರಿ ಇತ್ಲಾಗ. ಪುಗ್ಗಿಗೆ ಅಂಜಾವ ಅಲ್ಲ ನಾ,” ಎಂದು ಗೆಳೆಯರಿಗೆ ಕಣ್ಣು ಹೊಡೆದು ಬಲೂನು ಊದಿದ.

ಆ ಗಾಳಿ ಹೊಕ್ಕ ಎರಡನೆಯ ನಳಿಗೆ ಮೊದಲು ಕಂದಿತು. ಆಮೇಲೆ ನಿಧಾನವಾಗಿ ಹಸಿರಾಯಿತು.

ಯಲಗೂರಪ್ಪ ಗಂಟಲು ಸರಿಮಾಡಿಕೊಂಡ. “ಮನುಕ ತಿಂದಾನಲ್ರಿ. ಹಸರ ಮನುಕ. ಅದರ ಬಣ್ಣ ಬಿಟ್ಟೈತಿ.”

ಜನ ತಲೆಯಾಡಿಸಿದರು. ಇಂಥದೊಂದು ಬರುತ್ತದೆಂದೇ ಮೂರನೆಯ ನಳಿಗೆ ತಂದಿದ್ದೆ. ತಿರುವಿನಲ್ಲಿ ಚಹಾ ಅಂಗಡಿ ಇಟ್ಟಿರುವ ಮಲಂಗಸಾಬನನ್ನು ಕರೆದೆ. ಅಂದು ರಾಹುಲನ ತಲೆಯನ್ನು ಮೊದಲು ತೊಡೆಯ ಮೇಲೆ ಇಟ್ಟುಕೊಂಡವನು ಅವನೇ. ಹುಟ್ಟಿದಾಗಿನಿಂದ ಕುಡಿದವನಲ್ಲ. ಖಂಡಪ್ಪನದೇ ಪೊಟ್ಟಣದಿಂದ ಒಂದು ಮುಷ್ಟಿ ಮನುಕ ತಿಂದು, ಊದಿದ. ಕಿತ್ತಳೆ.

“ನಂದ್ಯಾಕ ಹಸರ ಆಗವಲ್ದರಿ, ಗೌಡ್ರ?” ಎಂದು ಮಲಂಗಸಾಬ ಯಲಗೂರಪ್ಪನನ್ನು ಬಹಳ ವಿನಯದಿಂದ ಕೇಳಿದ. “ಮಾಲು ಒಂದ ಐತಲ್ಲ?”

ಹಿಂದೆ ಯಾರೋ ಕಿಸಕ್ಕೆಂದರು. ಅವ್ವ ಮುಂದಿನ ಸಾಲಿನಿಂದ ಎದ್ದು ಬಂದಳು. ಹಸಿರು, ಕಿತ್ತಳೆ ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಅವತ್ತೂ ಹಿಂಗ ಇದ್ದೇನಪಾ, ಖಂಡಪ್ಪಾ?”

“ಯವ್ವಾ, ಹೊಸಾ ಗಾಡಿ... ಎಲ್ಲಾರೂ ಒತ್ತಾಯ ಮಾಡಿದ್ರು.” ಬೆವರು ಒರೆಸಿಕೊಂಡ. “ಆದ್ರ ಅವತ್ತೂ ಮನುಕ ತಿಂದಿದ್ನಿ. ದೇವರಾಣಿ ತಿಂದಿದ್ನಿ.”

ಒಂದು ವರ್ಷ ಯಾರಿಂದಲೂ ಬಾರದ ತಪ್ಪೊಪ್ಪಿಗೆಯನ್ನು ಆ ಮೂರ್ಖ, ಸಮರ್ಥನೆಯೆಂದುಕೊಂಡು, ಮೈಕಿನ ಮುಂದೆಯೇ ಹೇಳಿಬಿಟ್ಟಿದ್ದ.

ಅವ್ವ ಕೈ ಚಾಚಿದಳು. “ಚಾವಿ ಕೊಡು.”

“ಮನಿ ಇಲ್ಲೇ ನಾಕ ಕಿಲೋಮೀಟರ್ ಐತಿ, ಯವ್ವಾ.”

“ಅವತ್ತೂ ಇಷ್ಟ ಇತ್ತು.”

ಅವನು ಯಲಗೂರಪ್ಪನ ಮುಖ ನೋಡಿದ. ಯಲಗೂರಪ್ಪ ಬ್ಯಾನರು ನೋಡುತ್ತಿದ್ದ. ಚಾವಿ ಅವ್ವನ ಕೈಗೆ ಬಂತು, ಅಲ್ಲಿಂದ ಮಲಂಗಸಾಬನ ಅಂಗಡಿಯ ಮೊಳೆಗೆ. ಅವ್ವ ಕಟ್ಟೆಯ ಮೇಲಿನ ತನ್ನ ಹಿತ್ತಾಳೆ ದೀಪವನ್ನು ಆರಿಸಿ, ಎಣ್ಣೆಯನ್ನು ಮಣ್ಣಿಗೆ ಚೆಲ್ಲಿ, ಸೆರಗಿನಲ್ಲಿ ಸುತ್ತಿಕೊಂಡಳು.

ಖಂಡಪ್ಪ ತಲೆಗೆ ಟವೆಲು ಹಾಕಿಕೊಂಡು ತಿಕೋಟಾದ ಕಡೆ ನಡೆದ. ತಿರುವು ದಾಟುವವರೆಗೂ ನಾವು ನೋಡುತ್ತ ನಿಂತೆವು. ಅಲ್ಲಿ ಯಾವುದೂ ಅವನನ್ನು ಹಿಡಿಯಲಿಲ್ಲ.