ಬಾಣಂತಿ ಕೋಣೆಯ ಕಾಯಿದೆ

ಕೌಲೂನಿನ ಲೋ ಅವರ ಮನೆಯಲ್ಲಿ ಅಂದು ಮೊಮ್ಮಗನಿಗೆ ತಿಂಗಳು ತುಂಬಿದ ಔತಣ. ಕೆಂಪು ಬಳಿದ ಮೊಟ್ಟೆ, ಹುಳಿಶುಂಠಿ ಎಲ್ಲರ ಮುಂದೆಯೂ ಇದ್ದವು. ಬೀದಿಯ ಹಿತರಕ್ಷಣಾ ಸಂಘದ ಅಧ್ಯಕ್ಷರಾದ ಲೋ ಮಾತ್ರ ತಟ್ಟೆ ಸರಿಸಿ ಒಂದು ಕಾಗದ ಹರಡಿಕೊಂಡಿದ್ದರು.

ಅರವತ್ತೇಳರ ಬೇಸಿಗೆಯ ಗಲಭೆ ಅಡಗಿಸಲೆಂದು ಅಲ್ಲಿನ ಬ್ರಿಟಿಷ್ ಸರ್ಕಾರ ತುರ್ತು ನಿಯಮಗಳನ್ನು ತಂದಿತ್ತು. ಗುಂಪು ಸೇರಬಾರದು, ಪೊಲೀಸರು ಕೇಳದೆ ಮನೆ ಹೊಗಬಹುದು, ವಿಚಾರಣೆಯಿಲ್ಲದೆ ಹಿಡಿದಿಡಬಹುದು. ಈಗ ಗಲಭೆ ಅಡಗುತ್ತಿದ್ದರೂ ಅವನ್ನೇ ಶಾಶ್ವತ ಕಾಯಿದೆ ಮಾಡುವ ಮಾತು ನಡೆದಿತ್ತು. ದಯವಿಟ್ಟು ಹಾಗೇ ಮಾಡಿ ಎಂದು ಬೇಡುವ ಕಾಗದ ಅದು. ಸಂಘದ ಮಹಿಳಾ ವಿಭಾಗದ ಮುಖ್ಯಸ್ಥೆ ಸಹಿಯ ಬದಲು ಒತ್ತುವ ಹೆಸರಿನ ಮುದ್ರೆಯೊಂದು ಬಾಕಿ. ಮುಖ್ಯಸ್ಥೆ ಅವರ ಹೆಂಡತಿ ಸೌಫಾನ್.

ಸೌಫಾನ್ ಗಂಡನನ್ನು ನೋಡಿದಳು. ಬೀದಿಯಲ್ಲಿ ಬಾಂಬು ಸಿಡಿದ ದಿನ ಮಂಚದಡಿ ತೂರಿಕೊಂಡು, ಹೊರಗೇನಾಗಿದೆ ನೋಡಿ ಬಾ ಎಂದು ಹೆಂಡತಿಯನ್ನು ಕಳಿಸಿದ ಮನುಷ್ಯ. ಗವರ್ನರರ ಬಂಗಲೆಯ ಚಹಾಕ್ಕೆ ಕರೆ ಬಂದೀತೆಂಬ ಆಸೆಗೆ ಈಗ ಆ ಬೆನ್ನು ನೆಟ್ಟಗಾಗಿತ್ತು. ಇಷ್ಟು ವರ್ಷ ಆತ ತೋರಿಸಿದಲ್ಲೆಲ್ಲ ಓದದೆ ಮುದ್ರೆ ಒತ್ತಿದ್ದು ನೆನಪಾಗಿ, ತಿರಸ್ಕಾರದಲ್ಲಿ ತನಗೂ ಒಂದು ಪಾಲು ತೆಗೆದಿಟ್ಟುಕೊಂಡಳು.

"ಒತ್ತು, ನಾಳೆ ಕಳಿಸ್ಬೇಕು," ಎಂದರು ಲೋ. "ನಿಯಮ ಇದ್ದಿದ್ದಕ್ಕೆ ತಾನೆ ಬೀದಿ ತಣ್ಣಗಾಗಿದ್ದು? ಒಳ್ಳೇದನ್ನ ಯಾಕೆ ಬಿಡ್ಬೇಕು?"

ಅಷ್ಟರಲ್ಲಿ ಸೊಸೆ ಮಿಯುಲಿನ್ ಮಗುವನ್ನೆತ್ತಿಕೊಂಡು ಹೊರಬಂದಳು. ತಿಂಗಳಿಡೀ ಕಿಟಕಿ ಮುಚ್ಚಿದ ಕೋಣೆ, ಶುಂಠಿ ವಿನೆಗರಿನಲ್ಲಿ ಬೆಂದ ಹಂದಿಕಾಲು, ತಲೆಗೆ ಹನಿ ನೀರಿಲ್ಲ. ಈಗಷ್ಟೇ ತೊಳೆದ ಕೂದಲು ಮಿನುಗುತ್ತಿತ್ತು.

"ಒಳಗೆ ಹೋಗಮ್ಮ," ಎಂದಳು ಸೌಫಾನ್. "ಬಾಗಿಲು ಹಾಕ್ಕೊ."

ಸೊಸೆಗೆ ಗಾಬರಿ. "ಯಾಕತ್ತೆ? ತಿಂಗಳು ಮುಗೀತಲ್ಲ."

"ಮುಗೀತು. ಆದ್ರೆ ಕೋಣೇಲಿದ್ದು ಎಷ್ಟು ಚೆನ್ನಾಗಾದೆ ನೋಡು. ಒಳ್ಳೇದನ್ನ ಯಾಕೆ ಬಿಡ್ಬೇಕು ಅಂತಾರೆ ನಿಮ್ಮಾವ. ಇನ್ನು ಸಾಯೋತನಕ ನಿಂಗೆ ಬಾಣಂತನವೇ."

ಮೊದಲು ನಕ್ಕವಳು ಮೂಲೆಯಲ್ಲಿದ್ದ ಮುದುಕಿ ಚಿಕ್ಕಮ್ಮ. ಆಮೇಲೆ ಹೆಂಗಸರ ಮೇಜಿಗೆ ಮೇಜೇ ನಕ್ಕಿತು. ಲೋ ಅವರ ಕಿವಿ ಕೆಂಪಾಯಿತು.

"ಕಾನೂನು ನಿಂಗೇನ್ ಗೊತ್ತು? ಒತ್ತದಿದ್ರೆ ನಾಳೇನೇ ಬೇರೆ ಮುಖ್ಯಸ್ಥೇನ ನೇಮಿಸ್ತೀನಿ."

"ನೇಮಿಸ್ರಿ. ನಮ್ಮ ವಿಭಾಗದ ಕ್ವೋಕ್ ಹೆಂಡ್ತಿ ಇಲ್ಲೇ ಇದ್ದಾಳಲ್ಲ, ನಿದ್ದೇಲೂ ಹೂಂ ಅಂತಾಳೆ. ನಾಳೆ ಪೊಲೀಸ್ರು ನಿಮ್ಮನ್ನೇ ಎಳ್ಕೊಂಡು ಹೋದ್ರೆ, ಬಿಡಿಸ್ಕೊಂಡು ಬಾ ಅಂತ ಅವಳನ್ನೇ ಕೂಗಿ."

ಲೋ ನಿಜವಾಗಿಯೂ ಕ್ವೋಕ್ ಹೆಂಡತಿಯತ್ತ ತಿರುಗಿದರು. ಆಕೆ ತಟ್ಟೆ ನೋಡುತ್ತ ತನ್ನ ಮುದ್ರೆ ಮನೆಯಲ್ಲಿದೆ ಎಂದಳು. ಹೋಗಿ ತರುತ್ತೇನೆ ಎನ್ನಲಿಲ್ಲ.

"ನಿನ್ನ ಪದವಿ ಹೋಯ್ತು, ತಿಳ್ಕೊ," ಎಂದು ಲೋ ಕಾಗದ ಮಡಿಸಿದರು.

"ತಿಳ್ಕೊಂಡೆ," ಎಂದು ಸೌಫಾನ್ ಮುದ್ರೆಯನ್ನು ಚೀಲಕ್ಕೆ ಹಾಕಿದಳು. "ಬಾರೆ ಮಿಯುಲಿನ್, ಬೀದಿ ಸುತ್ತಿ ಬರೋಣ."