ಕರಿ ಕಂಬಳಿಯ ಮುಂದೆ ಅಕ್ಕ

ಕಂಬಳಿಯಿಂದ ಕುರಿಯ ವಾಸನೆ ಇನ್ನೂ ಹೋಗಿಲ್ಲ, ಬಲ್ಬಿನ ಶಾಖಕ್ಕೆ ಇನ್ನೂ ಜಾಸ್ತಿ ಏಳುತ್ತಿದೆ, ಇರಲಿ, ಫೋಟೋದಲ್ಲಿ ವಾಸನೆ ಬರುವುದಿಲ್ಲ, ಕಪ್ಪು ಬರುತ್ತದೆ, ನನಗೆ ಬೇಕಾದದ್ದೂ ಅದೇ, ಕಪ್ಪಿನ ಮುಂದೆ ಕಪ್ಪು, ನೋಡಲಿ ಆ ಶ್ಯಾಮಣ್ಣ, ಚಂದಾಪುರದ ತನ್ನ ಸ್ಟುಡಿಯೋ ಬಾಗಿಲಲ್ಲಿ ನಿಂತು ಕಣ್ಣು ಉರಿಯುವ ತನಕ ನೋಡಲಿ — ಅಕ್ಕಾ ಅಲ್ಲಾಡ್ಬೇಡ, ಗದ್ದ ಕಿಟಕಿ ಕಡೆ, ಕಿಟಕಿಗೆ ಗೋಣಿ ಹೊಡ್ದಿದೀಯಲ್ಲೇ, ಎಲ್ಲಿದೆ ಕಿಟಕಿ, ಅನ್ನುತ್ತಾಳೆ ವಸಂತಕ್ಕ, ನಗುತ್ತಾಳೆ, ಎಷ್ಟು ದಿನವಾಗಿತ್ತು ಇವಳು ನಕ್ಕು. ಅವತ್ತೂ ನಗು ಅಂದಿದ್ದ ಶ್ಯಾಮಣ್ಣ, ಗಂಡಿನ ಕಡೆಯವರಿಗೆ ಕಳಿಸುವ ಫೋಟೋ, ಪೌಡರ್ ಡಬ್ಬಿ ಅವಳ ಮುಖದ ಮೇಲೆಯೇ ಕೊಡವುತ್ತಾ, ಕರ್ರಗಿರೋರ್ಗೆ ಇನ್ನೊಂದು ಕೈ ಜಾಸ್ತಿ ಹಾಕ್ಬೇಕು ಕಣಮ್ಮ, ಸಾಲದ್ದಕ್ಕೆ ನೆಗೆಟಿವ್ ಮೇಲೆ ಪೆನ್ಸಿಲ್ ಉಜ್ಜಿ ಉಜ್ಜಿ ಕೆನ್ನೆಯನ್ನು ಸುಣ್ಣದ ಗೋಡೆ ಮಾಡಿಕೊಟ್ಟ, ಗಂಡಿನ ತಾಯಿ ಆ ಫೋಟೋ ಹಿಡಿದುಕೊಂಡು ನಮ್ಮ ಪಡಸಾಲೆಯಲ್ಲಿ, ಇದ್ರಲ್ಲಿರೋ ಹುಡುಗೀನ ಕರೀರಿ, ಇವ್ಳ್ಯಾರು? ಉಪ್ಪಿಟ್ಟು ಹಾಗೇ ಆರಿತು, ಅಕ್ಕ ಹಿತ್ತಲಲ್ಲಿ ಸೆರಗಿನಿಂದ ಮುಖ ತಿಕ್ಕುತ್ತಿದ್ದಳು, ಫೋಟೋದ ಥರ ಕಾಣಲಿ ಎಂದು ತಾನೂ ಬಳಿದುಕೊಂಡಿದ್ದ ಪೌಡರೆಲ್ಲ ಹೋಯಿತು, ಕಿವಿಯ ಹಿಂದೆ ಒಂದು ಬಿಳಿ ಗೆರೆ ಉಳಿಯಿತು, ನಾನು ಹೇಳಲಿಲ್ಲ. ಅಮ್ಮ ಸ್ಟುಡಿಯೋಗೆ ಕೇಳಲು ಹೋದರೆ, ನಾನು ಫೋಟೋ ತೆಗ್ಯೋನಮ್ಮ, ಬ್ರಹ್ಮ ಅಲ್ಲ, ಆಮೇಲೆ ನನ್ನ ಕಡೆ ತಿರುಗಿ, ನಿನ್ ಸರದಿ ಬಂದಾಗ ಹೇಳು ಪುಟ್ಟಿ, ದೊಡ್ಡ ಡಬ್ಬಿ ತರ್ಸಿಡ್ತೀನಿ — ತರಿಸಿಡು, ತರಿಸಿಡು ಶ್ಯಾಮಣ್ಣ, ಅದನ್ನು ನೀನೇ ಬಳಿದುಕೊಳ್ಳುವ ದಿನ ಬರುತ್ತದೆ.

ಮುನಿಯಣ್ಣ ಮಾಮನ ಹಳೇ ಕ್ಯಾಮೆರಾ, ಎಷ್ಟು ರೀಲು ಹಾಳು ಮಾಡಿದೆ, ಬಲ್ಬು ಎದುರಿಗಿಟ್ಟರೆ ಮುಖ ರೊಟ್ಟಿ, ನೆತ್ತಿಯ ಮೇಲಿಟ್ಟರೆ ಕಣ್ಣು ಹಳ್ಳ, ಕೆಳಗಿಟ್ಟಾಗ ಪಕ್ಕದ ಮನೆ ಬೈರಮ್ಮಜ್ಜಿ ತನ್ನ ಫೋಟೋ ನೋಡಿ, ಇಂಗ್ ತೆಗುದ್ರೆ ನಾನು ಮಾರಿ ಆಗೋದ್ನಲ್ಲೇ ಮುಂಡೇದೇ, ಕಂಬಳಿಗೆ ಒರಗಿಸಿ ಕೂರಿಸಿದರೆ ಕಂಬಳಿಯೂ ಬೂದಿ ಬಣ್ಣ, ಕೊನೆಗೆ ಗೊತ್ತಾಯಿತು, ಕಂಬಳಿಯಿಂದ ಮುಂದಕ್ಕೆ ಎಳೆದು ಕೂರಿಸಬೇಕು, ಬಲ್ಬು ಪಕ್ಕಕ್ಕೆ, ಅದರ ಹಿಂದೆ ಅಲ್ಯೂಮಿನಿಯಂ ಬೇಸಿನ್ನು, ಆ ಕಡೆ ಅಪ್ಪನ ಬಿಳಿ ಪಂಚೆ ದಾರದ ಮೇಲೆ, ಆಗ ಹಿಂದೆ ಬರೀ ಕತ್ತಲು, ಕತ್ತಲಿನೊಳಗಿಂದ ಕೆನ್ನೆಯ ಏರು, ಮೂಗು, ತುಟಿ, ಎಣ್ಣೆ ಸವರಿದ ಹಾಗೆ ಮಿರಮಿರ. ಕರಿ ಮುಖಕ್ಕೆ ಕರಿ ಬಟ್ಟೆ ಹಾಕ್ಬಾರ್ದು, ಮುಖವೇ ಮುಳುಗೋಗುತ್ತೆ, ಅಂದಿದ್ದವನು ಶ್ಯಾಮಣ್ಣನೇ, ಅದಕ್ಕೇ ಅವನ ಸ್ಟುಡಿಯೋ ಎದುರಿಗೇ, ಆವಲಪ್ಪನ ಟೀ ಅಂಗಡಿಯಲ್ಲಿ, ಈ ಫೋಟೋ ಇಷ್ಟಗಲ ಮಾಡಿಸಿ ನೇತುಹಾಕುತ್ತೇನೆ, ಆವಲಪ್ಪ ಒಪ್ಪಿದ್ದಾನೆ, ಹಾಕವ್ವ, ಅವ್ನು ದಿನಾ ಟೀ ಕುಡ್ಯೋವಾಗ ನೋಡ್ಲಿ, ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ, ಈ ಮುಖಕ್ಕೆ ಪೌಡರ್ ಹಾಕಿಲ್ಲ, ಬಸ್ಸಿಗೆ ಕಾಯುವವರೆಲ್ಲ ಓದಲಿ, ಅವನನ್ನು ನೋಡಿ ನಗಲಿ, ಮದುವೆ ಫೋಟೋಗೆ ಒಬ್ಬರೂ ಅವನ ಹತ್ತಿರ ಹೋಗದಿರಲಿ. ಫ್ಯಾಕ್ಟರಿ ಸೈರನ್ನು, ಅಲ್ಲಿ ಮೆಷಿನ್ ಶುರುವಾದರೆ ಇಲ್ಲಿ ವೋಲ್ಟೇಜ್ ಇಳಿಯುತ್ತದೆ, ಬೇಗ, ಅಕ್ಕಾ ಇನ್ನೊಂಚೂರು ತಿರುಗು, ಸಾಕು, ಉಸಿರು ಹಿಡ್ಕೋ, ಬಟನ್ ಮೇಲೆ ಬೆರಳು, ಬೆಳಕು ಕೆನ್ನೆಯಿಂದ ಜಾರಿ ದವಡೆಗೆ, ಕತ್ತಿಗೆ — ಕಿವಿಯ ಹಿಂದೆ ಏನದು, ದಾರವಾ, ಅಲ್ಲ, ಮುಖ ತೊಳ್ಕೊಂಡ್ ಬಂದೆ ಅಂದಳಲ್ಲ, ಒಳಗೆ ಬಾಗಿಲು ಹಾಕಿಕೊಂಡು ಅಷ್ಟು ಹೊತ್ತು, ತೆಳ್ಳಗೆ ಬಳಿದುಕೊಂಡಳಾ, ತೆಗ್ಯೇ, ಕತ್ತು ನೋಯ್ತಿದೆ, ಚೆನ್ನಾಗ್ ಕಾಣ್ತಿದೀನಾ, ಚೆನ್ನಾಗಿ, ಹೂಂ, ಪೌಡರ್ ಹಾಕಿಲ್ಲ, ದಪ್ಪ ಅಕ್ಷರ, ಶ್ಯಾಮಣ್ಣ, ಬೆರಳು ಒತ್ತುತ್ತಿಲ್ಲ, ಕಿವಿಯ ಹಿಂದೆ, ಆ ಬಿಳಿ ಗೆರೆ