ಸದ್ಯಕ್ಕೆ ಒಂದು ನಕಲು

ಒಂಬತ್ತನೇ ನಕಲು ಕಣ್ಣಿಗೆ ಬಿದ್ದಾಗ ಅವಳಿಗೆ ಊಟವೇ ಸಾಕೆನಿಸಿತು. ಅರ್ಧ ತಿಂದ ಊಟದ ಡಬ್ಬಿಯನ್ನು ಮುಚ್ಚಿ ಆಚೆ ಸರಿಸಿದಳು. ಅವಳ ಆಫೀಸು ಒಂದು ಆಸ್ಪತ್ರೆಗೆ ಮಾಡಿಕೊಟ್ಟಿದ್ದ ವೆಬ್‌ಸೈಟಿನಲ್ಲಿ 'ರೋಗಿ' ಅಂತ ಒಂದು ಕ್ಲಾಸ್, ಅಂದರೆ ವಿವರಗಳ ಅಚ್ಚು, ಇರಬೇಕಿತ್ತು, ಒಂದೇ ಒಂದು. ಹೆಸರು, ವಯಸ್ಸು, ಫೋನ್ ನಂಬರ್, ಇದ್ದಾರೋ ತೀರಿಕೊಂಡರೋ, ಹೀಗೆ ಪ್ರೋಗ್ರಾಮಿಗೆ ರೋಗಿಯ ಬಗ್ಗೆ ಗೊತ್ತಿರಬೇಕಾದ್ದನ್ನೆಲ್ಲ ಅದರಲ್ಲಿ ಬರೆದು ಸಾಮಾನ್ಯ ಫೋಲ್ಡರಿನಲ್ಲಿ ಇಟ್ಟರೆ ಪ್ರೋಗ್ರಾಮಿನ ಎಲ್ಲ ವಿಭಾಗಗಳೂ ಅದನ್ನೇ ಬಳಸಿಕೊಳ್ಳುತ್ತವೆ. ಇಲ್ಲಿ ಆ ಫೋಲ್ಡರಿನ ಕಡೆ ಜೊತೆಯವರಲ್ಲಿ ಹೆಚ್ಚಿನವರು ತಲೆಹಾಕಿಯೂ ಮಲಗಿರಲಿಲ್ಲ. ಆ ಕ್ಲಾಸಿನ ಫೈಲನ್ನು ತಂತಮ್ಮ ವಿಭಾಗಕ್ಕೆ ನಕಲು ಮಾಡಿಕೊಂಡು ಮನಸ್ಸಿಗೆ ಬಂದ ಹಾಗೆ ತಿದ್ದಿಟ್ಟು ಹೋಗಿದ್ದರು.

ಈ ಕೊಳಕು ಹೊರಬಿದ್ದದ್ದು ಬೆಳಿಗ್ಗೆ ಬಂದ ದೂರಿನಿಂದ. ಗಂಡ ತೀರಿಕೊಂಡು ಎರಡು ತಿಂಗಳಾಗಿದ್ದರೂ ಒಬ್ಬ ಹೆಂಗಸಿನ ಫೋನಿಗೆ ಅವನ ಹೆಸರಲ್ಲಿ ಮೆಸೇಜ್ ಬರುತ್ತಿತ್ತು. ನಾಳೆ ಖಾಲಿ ಹೊಟ್ಟೆಯಲ್ಲಿ ರಕ್ತಪರೀಕ್ಷೆಗೆ ಬನ್ನಿ, ಅಂತ. ಮೂರು ಸಲ ಬಂದಿತ್ತು. ನಾಲ್ಕನೆಯದು ಇವತ್ತು ಸಂಜೆ ಆರಕ್ಕೆ ಹೊರಡುವುದಿತ್ತು. 'ತೀರಿಕೊಂಡರು' ಎಂಬ ಗುರುತನ್ನು ಅವಳೇ ಹೋದ ವರ್ಷ ಸಾಮಾನ್ಯ ಕ್ಲಾಸಿಗೆ ಸೇರಿಸಿದ್ದಳು. ಯಾವುದೋ ನಕಲಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಆಫೀಸೆಲ್ಲ ದೊಡ್ಡಣ್ಣ ಎಂದು ಕರೆಯುವ ಮೇಲ್ವಿಚಾರಕ ಟೀ ಲೋಟ ಹಿಡಿದು ಬಂದು ಬೆನ್ನ ಹಿಂದೆ ನಿಂತ. "ಆ ಒಂದು ನಂಬರ್ ಪಟ್ಟಿಯಿಂದ ತೆಗೆದುಬಿಡಮ್ಮ. ಊರ ಉಸಾಬರಿ ನಿನಗ್ಯಾಕೆ?"

"ತೀರಿಹೋದವರು ಅವರೊಬ್ಬರೇನಾ ಅಣ್ಣ?"

ಅವನು ಟೀ ಊದಿಕೊಂಡ. ಆ ಊದುವ ಸದ್ದು ಕೇಳಿಯೇ ಅವಳ ಮೈ ಉರಿಯಿತು. ಇಂಥವರ ಜೊತೆ ಐದು ವರ್ಷ ಕಳೆದೆನಲ್ಲ ಎಂದು ಹೇಸಿಗೆಯಾಯಿತು. ಕೈಲಾಗದವರು, ಮೈಗಳ್ಳರು, ಎಂದು ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ಬೈಯುತ್ತ ಹುಡುಕಿದಳು.

ಹತ್ತನೆಯದು ಮೆಸೇಜ್ ಕಳಿಸುವ ವಿಭಾಗದಲ್ಲಿತ್ತು. ಅದರಲ್ಲಿ ಆ ಗುರುತು ಇರಲಿಲ್ಲ. ಸಿಕ್ಕಿಬಿದ್ದೆಯಾ ಎಂದುಕೊಂಡು ಬರೆದವರು ಯಾರೆಂದು ನೋಡಲು ಫೈಲಿನ ಮೇಲ್ತುದಿಗೆ ಹೋದಳು. ಮೊದಲ ಸಾಲಿನಲ್ಲಿ ಹೀಗಿತ್ತು: ಸದ್ಯಕ್ಕೆ ಒಂದು ನಕಲು, ಆಮೇಲೆ ಸರಿಮಾಡಬೇಕು. ನಾಲ್ಕು ವರ್ಷದ ಹಿಂದಿನ ತಾರೀಕು. ಕೆಳಗೆ ಅವಳದೇ ಹೆಸರು.

ಬಚ್ಚಲಿಗೆ ಹೋಗಿ ಮುಖ ತೊಳೆದಳು. ಕನ್ನಡಿ ನೋಡುವ ಮನಸ್ಸಾಗಲಿಲ್ಲ. ಬಂದು ಕುಳಿತವಳು ಮತ್ತೆ ಏಳಲಿಲ್ಲ. ತನ್ನ ನಕಲನ್ನೇ ಮೊದಲು ಅಳಿಸಿ, ಉಳಿದ ಒಂಬತ್ತನ್ನೂ ಕಿತ್ತು, ಎಲ್ಲ ವಿಭಾಗಗಳನ್ನೂ ಒಂದೇ ಕ್ಲಾಸಿಗೆ ಜೋಡಿಸಿದಳು. ಎರಡು ಸಲ ಎಲ್ಲ ಕೆಟ್ಟು ನಿಂತಿತು. ದೊಡ್ಡಣ್ಣ ದೂರದಿಂದ ನೋಡಿ ತಲೆ ಅಲ್ಲಾಡಿಸಿದ. ಐದೂವರೆಗೆ ಸರಿಹೋಯಿತು. ಸಂಜೆಯ ಪಟ್ಟಿಯಿಂದ ಇಪ್ಪತ್ತಮೂರು ನಂಬರುಗಳು ಬಿದ್ದುಹೋಗಿದ್ದವು.

ಯಾರೂ ಹೇಳದಿದ್ದರೂ ಅವಳು ಆ ಹೆಂಗಸಿಗೆ ಫೋನ್ ಮಾಡಿದಳು.

"ಅಮ್ಮ, ಇನ್ನು ಮೇಲೆ ಆ ಮೆಸೇಜ್ ಬರಲ್ಲ. ತಪ್ಪು ನನ್ನದೇ."

ಬೈಗುಳಕ್ಕೆ ಸಿದ್ಧಳಾಗಿದ್ದ ಅವಳ ಕಿವಿಗೆ ಮೆಲ್ಲನೆಯ ದನಿ ಬಂತು. "ಹೋದ ಸಲ ಮೆಸೇಜ್ ನೋಡಿದವಳು, ಏನೂ ಯೋಚನೆ ಮಾಡ್ದೆ ಅವರ ಚಪ್ಪಲಿ ಒರೆಸಿ ಬಾಗಿಲ ಹತ್ರ ಇಟ್ಟುಬಿಟ್ಟಿದ್ದೆ ಕಣಮ್ಮ. ಇನ್ನೂ ಅಲ್ಲೇ ಇದೆ." ಮತ್ತೆ ಕೇಳಿದರು, "ಖಂಡಿತ ಬರಲ್ವಾ?"

"ಬರಲ್ಲ ಅಮ್ಮ."

"ಹಾಗಾದ್ರೆ ತೆಗೆದು ಒಳಗಿಡ್ತೀನಿ."

ಆರು ಗಂಟೆಯಾಯಿತು. ಹೊರಟ ಮೆಸೇಜುಗಳ ಸಾಲು ಪರದೆಯ ಮೇಲೆ ಸರಿಯಿತು, ಆ ನಂಬರ್ ಅದರಲ್ಲಿ ಇರಲಿಲ್ಲ. ಎಲ್ಲರೂ ಬ್ಯಾಗ್ ಹೆಗಲಿಗೇರಿಸಿ ಹೊರಟರು. ಅವಳೂ ಮೇಜಿನ ಕೆಳಗೆ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದ ತಡಕಿದಳು. ಸಿಕ್ಕಿತು. ಅದರೊಳಗೆ ಕಾಲು ತೂರಿಸದೆ ಹಾಗೇ ಕುಳಿತಿದ್ದಳು.